ಉದ್ರಿ ಪುಸ್ತಕದಿಂದ ಕ್ರೆಡಿಟ್ ಕಾರ್ಡಿಗೆ

ಸಂಸಾರಸ್ಥನಾದವನು ದಿನನಿತ್ಯದ ಅಕ್ಕಿಬೇಳೆಗಳಿಗಾಗಲಿ, ಮಕ್ಕಳ ಪುಸ್ತಕಗಳಿಗಾಗಲಿ, ರೈಲಿನ ಟಿಕೀಟಿಗಾಗಲಿ ಕೈಯಿಂದ ನಾಣ್ಯವನ್ನೂ ನೋಟನ್ನೂ ತೆರದೆ, ಅಂಗೈಯಷ್ಟೂ ಅಗಲವಿಲ್ಲದ ಒಂದು ಪ್ಲಾಸ್ಟಿಕ್ ಫಲಕವನ್ನು ಮುಂದೆ ಮಾಡಿ ಪದಾರ್ಥವನ್ನು ಮನೆಗೊಯ್ಯುವುದು ಇಂದು ನಮ್ಮ ನಗರಗಳಲ್ಲಿ ಯಾರನ್ನೂ ಬೆರಗುಗೊಳಿಸುವ ಸಂಗತಿಯಾಗಿ ಉಳಿದಿಲ್ಲ. ಆದರೆ ಕ್ಷಣಾರ್ಧದಲ್ಲಿ ಮುಗಿಯುವ ಈ ಕ್ರಿಯೆಯ ಹಿಂದೆ ದೀರ್ಘವಾದ ಚರಿತ್ರೆಯುಂಟು. ಸಾಲವೆಂಬುದು ಎಷ್ಟು ಪ್ರಾಚೀನವೋ, ಆ ಸಾಲಕ್ಕೆ ಎಲ್ಲೆಯನ್ನು ಗೊತ್ತುಮಾಡಿ ಅದನ್ನು ಕಾಯುವವನೊಬ್ಬನಿರಬೇಕೆಂಬ ಅವಶ್ಯಕತೆಯೂ ಅಷ್ಟೇ ಪ್ರಾಚೀನವಾದುದು. ಕ್ರೆಡಿಟ್ ಕಾರ್ಡಿನ ಇತಿಹಾಸವೆಂದರೆ, ಆ ಕಾವಲಿನ ಹೊಣೆಯು ಸಾಲ ಕೊಡುವವನಿಂದ ಕ್ರಮಕ್ರಮವಾಗಿ ಸಾಲ ಕೊಳ್ಳುವವನಿಗೆ ವರ್ಗವಾದ ಇತಿಹಾಸವೆಂದು ನನ್ನ ನಂಬಿಕೆ.

ನಮ್ಮ ಪೇಟೆಗಳಲ್ಲಿಯೂ ಹಳ್ಳಿಗಳಲ್ಲಿಯೂ ಉದ್ರಿಯ ವ್ಯವಹಾರವು ತಲೆತಲಾಂತರದಿಂದ ನಡೆದುಬಂದುದಾಗಿದೆ. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಉದ್ದನೆಯ ಲೆಕ್ಕದ ಪುಸ್ತಕ. ಅದರೊಳಗೆ ಮನೆಗೊಂದು ಖಾತೆ. ಬೆಲ್ಲ, ಬೇಳೆ, ಸೀಮೆಎಣ್ಣೆಗಳ ತೂಕವೂ ಬೆಲೆಯೂ ದಿನದಿನವೂ ಅಲ್ಲಿ ಏರುತ್ತಿದ್ದುವು. ನೌಕರಿಯವನು ಸಂಬಳ ಬಂದ ದಿನ, ಒಕ್ಕಲಿಗನು ಸುಗ್ಗಿಯಲ್ಲಿ, ನೇಕಾರನು ಸೀರೆ ಮಾರಿದ ವಾರದಲ್ಲಿ ಬಂದು ಬಾಕಿಯನ್ನು ಚುಕ್ತಾ ಮಾಡುತ್ತಿದ್ದನು. ಯಾವ ಮನೆಯಲ್ಲಿ ದುಡಿಯುವ ಕೈಗಳೆಷ್ಟು, ಉಣ್ಣುವ ಬಾಯಿಗಳೆಷ್ಟು, ಯಾರ ಹೊಲಕ್ಕೆ ಈ ವರ್ಷ ಮಳೆ ಬಿದ್ದಿತು, ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆ ಎಂಬುದೆಲ್ಲವೂ ಅಂಗಡಿಯವನಿಗೆ ತಿಳಿದಿರುತ್ತಿದ್ದುದರಿಂದ, ಬಾಕಿಯು ಆ ಮನೆಯ ಶಕ್ತಿಯನ್ನು ಮೀರುವ ಲಕ್ಷಣ ಕಂಡೊಡನೆಯೇ ಆತನು ‘ಹಿಂದಿನದನ್ನು ಒಂದಿಷ್ಟು ಇಳಿಸಿರಿ ಸ್ವಾಮಿ, ಮುಂದಿನದನ್ನು ಆಮೇಲೆ ನೋಡೋಣ’ ಎಂದುಬಿಡುತ್ತಿದ್ದನು. ಕೇಳಿದವನಿಗೆ ಆ ಮಾತು ಕಹಿಯೇ. ಆದರೆ ಎಷ್ಟೋ ಸಂಸಾರಗಳನ್ನು ಮುಳುಗದಂತೆ ಹಿಡಿದು ನಿಲ್ಲಿಸಿದ ಮಾತೂ ಅದೇ.

ಹಾಗೆಂದು ಈ ಪದ್ಧತಿಯನ್ನು ಬರಿಯ ಗುಣಮಯವೆಂದು ಕೊಂಡಾಡುವುದು ಸತ್ಯಕ್ಕೆ ದೂರವಾದೀತು. ಲೆಕ್ಕ ಬರೆಯುವ ಲೇಖಣಿಯು ಅಂಗಡಿಯವನ ಕೈಯಲ್ಲಿಯೇ ಇದ್ದುದರಿಂದ ಅಕ್ಷರ ಬಾರದ ಗಿರಾಕಿಗೆ ತನ್ನ ಬಾಕಿಯೆಷ್ಟೆಂಬುದು ಆತನು ಹೇಳಿದಷ್ಟೇ. ಉದ್ರಿಗೆ ಕೊಳ್ಳುವವನು ಬೆಲೆಯ ವಿಷಯದಲ್ಲಿ ಚೌಕಾಸಿ ಮಾಡುವಂತಿರಲಿಲ್ಲ, ಬೇರೆ ಅಂಗಡಿಗೆ ಹೋಗುವಂತೆಯೂ ಇರಲಿಲ್ಲ. ಪರಊರಿನಿಂದ ಬಂದವನಿಗೂ, ದುಡಿಯುವ ಗಂಡಸಿಲ್ಲದ ಮನೆಯ ಹೆಂಗಸಿಗೂ, ಜಾತಿಯ ಕಾರಣದಿಂದ ಹೊಸ್ತಿಲಾಚೆಯೇ ನಿಲ್ಲಬೇಕಾದವನಿಗೂ ಆ ಪುಸ್ತಕದಲ್ಲಿ ಪುಟವು ಸುಲಭವಾಗಿ ತೆರೆಯುತ್ತಿರಲಿಲ್ಲ. ಪರಿಚಯದ ಮೇಲೆ ನಿಂತ ನಂಬಿಕೆಗೆ ಪರಿಚಯದ ಸಂಕೋಚವೆಲ್ಲವೂ ಅಂಟಿಕೊಂಡೇ ಇದ್ದಿತು.

ಈ ಸಂಕೋಚವನ್ನು ನೀಗಿಸುವ ಪ್ರಯತ್ನಗಳಲ್ಲಿ ಕನ್ನಡ ನಾಡು ಹಿಂದೆ ಬೀಳಲಿಲ್ಲವೆಂಬುದು ನಾವು ಅಭಿಮಾನಪಡಬೇಕಾದ ವಿಷಯ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯಿದೆಯು ಬಂದ ಮರುವರ್ಷವೇ, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರ ಸಂಘವು ಸ್ಥಾಪಿತವಾಯಿತು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಆರಂಭಿಸಿದ ನಿಧಿಯೇ ಮುಂದೆ ಕೆನರಾ ಬ್ಯಾಂಕಾಗಿ ಬೆಳೆಯಿತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಅನಂತರ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯ ಯೋಜನೆಯನ್ನು ತಂದು, ದಿನಕ್ಕೆ ಎರಡಾಣೆಯಷ್ಟು ಅಲ್ಪವಾದ ಹಣವನ್ನೂ ಮನೆಬಾಗಿಲಿಗೆ ಬಂದು ಸ್ವೀಕರಿಸುವ ಕ್ರಮವನ್ನು ರೂಢಿಗೊಳಿಸಿತು. ಇವುಗಳೆಲ್ಲದರಲ್ಲಿಯೂ ಒಂದು ಸಮಾನವಾದ ಅಂಶವುಂಟು: ಸಂಘದಲ್ಲಿ ಸಾಲಕ್ಕೆ ಜಾಮೀನು ನಿಲ್ಲುವವನು ನೆರೆಯವನು, ಪಿಗ್ಮಿ ಸಂಗ್ರಹಕ್ಕೆ ಬರುವವನು ಹೆಸರು ಹಿಡಿದು ಮಾತನಾಡಿಸುವವನು. ಬಾಗಿಲು ಅಗಲವಾಯಿತು; ಆದರೆ ಬಾಗಿಲಲ್ಲಿ ಮನುಷ್ಯನೊಬ್ಬನು ಇನ್ನೂ ನಿಂತಿದ್ದನು.

ಕಾರ್ಡು ಹುಟ್ಟಿದ ಅಮೆರಿಕೆಯಲ್ಲಿಯೂ ಆರಂಭದ ಸ್ಥಿತಿಯು ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಅಲ್ಲಿನ ದೊಡ್ಡ ಮಳಿಗೆಗಳು ತಮ್ಮ ಪರಿಚಿತ ಗಿರಾಕಿಗಳಿಗೆ ತಿಂಗಳ ಲೆಕ್ಕವನ್ನಿಡುತ್ತಿದ್ದುವು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಗಿರಾಕಿಯ ಹೆಸರೂ ವಿಳಾಸವೂ ಉಬ್ಬಕ್ಷರಗಳಲ್ಲಿ ಮೂಡಿದ್ದ ಪುಟ್ಟ ಲೋಹದ ಬಿಲ್ಲೆಗಳು ಬಂದು, ಅವುಗಳ ಅಚ್ಚನ್ನು ಕಾಗದದ ಮೇಲೆ ಒತ್ತಿಕೊಳ್ಳುವುದರ ಮೂಲಕ ಬರವಣಿಗೆಯ ಶ್ರಮವು ತಗ್ಗಿತು. ಪೆಟ್ರೋಲಿನ ಕಂಪೆನಿಗಳೂ ತಮ್ಮತಮ್ಮ ಬಂಕುಗಳಿಗೆ ಸಲ್ಲುವ ಕಾರ್ಡುಗಳನ್ನು ಕೊಟ್ಟುವು. ಕೊಡುವವನೂ ಮಾರುವವನೂ ಒಬ್ಬನೇ ಆಗಿದ್ದುದರಿಂದ ಇವೆಲ್ಲವೂ ಉದ್ರಿ ಪುಸ್ತಕದ ಸುಧಾರಿತ ರೂಪಗಳಷ್ಟೇ.

1950ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಫ್ರಾಂಕ್ ಮ್ಯಾಕ್‌ನಮಾರನೂ ವಕೀಲನಾದ ರಾಲ್ಫ್ ಶ್ನೈಡರನೂ ಕೂಡಿ ಆರಂಭಿಸಿದ ಡೈನರ್ಸ್ ಕ್ಲಬ್ಬು ಈ ಸಂಬಂಧವನ್ನು ಬದಲಾಯಿಸಿತು. ಹೋಟೆಲಿನಲ್ಲಿ ಊಟ ಮುಗಿಸಿದ ಮೇಲೆ ಮ್ಯಾಕ್‌ನಮಾರನಿಗೆ ತಾನು ಹಣದ ಚೀಲವನ್ನು ಮರೆತು ಬಂದುದು ನೆನಪಾಗಿ, ಆ ಅವಮಾನದಿಂದಲೇ ಕಾರ್ಡು ಹುಟ್ಟಿತೆಂಬ ಕಥೆಯು ಲೋಕಪ್ರಸಿದ್ಧವಾಗಿದೆ. ಅದು ಪ್ರಚಾರಕ್ಕಾಗಿ ಕಟ್ಟಿದ ಕಥೆಯೆಂದು ಆ ಕ್ಲಬ್ಬಿನ ಪ್ರಚಾರಕನೇ ಮುಂದೆ ಹೇಳಿದನು. ಸಂಗತಿಯ ಮಹತ್ವವು ಆ ಕಥೆಯಲ್ಲಿಲ್ಲ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ಮೂರನೆಯವನೊಬ್ಬನು ನಿಂತು, ಹೋಟೆಲಿನವನಿಗೆ ಹಣವನ್ನು ತಾನು ಕೊಟ್ಟು, ಅದರಲ್ಲಿ ಶೇಕಡಾ 7ರಷ್ಟನ್ನು ತನ್ನ ಪಾಲಾಗಿ ಹಿಡಿದುಕೊಂಡು, ಉಂಡವನಿಂದ ತಿಂಗಳ ಕೊನೆಗೆ ವಸೂಲು ಮಾಡಿಕೊಳ್ಳುವ ಕ್ರಮವು ಇಲ್ಲಿಂದ ವ್ಯಾಪಕವಾಯಿತು. ಹೋಟೆಲಿನವನು ಇನ್ನು ಗಿರಾಕಿಯನ್ನು ಬಲ್ಲವನಾಗಿರಬೇಕಾಗಿರಲಿಲ್ಲ. ರಟ್ಟಿನ ಚೀಟಿಯೊಂದೇ ಸಾಕಾಗಿದ್ದಿತು. ಆದರೂ ತಿಂಗಳ ಮೊತ್ತವನ್ನು ಪೂರ್ತಿಯಾಗಿ ತೆರಲೇಬೇಕೆಂಬ ನಿಯಮವಿದ್ದುದರಿಂದ, ಸಾಲವು ಬೆಳೆದು ಮನೆಯನ್ನು ನುಂಗುವುದಕ್ಕೆ ಆಸ್ಪದವು ಕಡಿಮೆಯಿದ್ದಿತು.

ಆ ಕಟ್ಟನ್ನು ಸಡಿಲಿಸಿದುದು ಬ್ಯಾಂಕ್ ಆಫ್ ಅಮೆರಿಕ. 1958ರ ಸೆಪ್ಟೆಂಬರಿನಲ್ಲಿ ಅದು ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದ ಸುಮಾರು 60,000 ಮಂದಿಗೆ, ಅವರು ಬೇಡದೆಯೇ, ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿತು. ತಿಂಗಳ ಬಾಕಿಯನ್ನು ಪೂರ್ತಿ ತೀರಿಸಬೇಕೆಂಬ ಬಲವಂತವಿಲ್ಲ. ಸ್ವಲ್ಪವನ್ನು ತೆತ್ತು ಉಳಿದುದನ್ನು ಬಡ್ಡಿಯ ಮೇಲೆ ಮುಂದೂಡಬಹುದು. ಬಾಕಿ ಉಳಿಸುವವರು ಶೇಕಡಾ 4ರಷ್ಟಿದ್ದಾರೆಂದು ಯೋಜಕರು ಎಣಿಸಿದ್ದರೆ, ಆ ಪ್ರಮಾಣವು ಶೇಕಡಾ 22ಕ್ಕೆ ಏರಿತು. ಕಾರ್ಡುಗಳ ಕಳವೂ ವಂಚನೆಯೂ ಜೊತೆಗೂಡಿದುವು. ಬ್ಯಾಂಕಿಗೆ ದೊಡ್ಡ ನಷ್ಟವಾಗಿ, ಯೋಜನೆಯ ಕರ್ತೃವಾದ ಜೋಸೆಫ್ ವಿಲಿಯಮ್ಸನು ಕೆಲಸವನ್ನು ಬಿಟ್ಟನು. ಆದರೆ ಯೋಜನೆಯು ನಿಲ್ಲಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ಲಾಭಕ್ಕೆ ತಿರುಗಿ, 1966ರಿಂದ ಇತರ ಬ್ಯಾಂಕುಗಳಿಗೂ ಹಬ್ಬಿ, 1976ರಲ್ಲಿ ವೀಸಾ ಎಂಬ ಹೆಸರನ್ನು ತಳೆಯಿತು. ಗಿರಾಕಿಯನ್ನು ಬಲ್ಲವರೇ ಇಲ್ಲದಲ್ಲಿ ‘ಇನ್ನು ಸಾಕು’ ಎನ್ನುವ ಬಾಯಿಯೂ ಇಲ್ಲದಾಗುವುದೆಂಬುದನ್ನು ಫ್ರೆಸ್ನೊ ನಗರವು ಜಗತ್ತಿಗೆ ಮೊತ್ತಮೊದಲು ತೋರಿಸಿಕೊಟ್ಟಿತು.

ಮುಂದಿನ ದಶಕಗಳಲ್ಲಿ ಯಂತ್ರವೂ ಶಾಸನವೂ ಈ ಬಾಯಿಯ ಸ್ಥಾನವನ್ನು ತುಂಬಲು ಯತ್ನಿಸಿದುವು. ಕೇಳದವರಿಗೆ ಕಾರ್ಡು ಕಳುಹಿಸುವುದನ್ನು 1970ರಲ್ಲಿ ಅಮೆರಿಕದ ಸಂಸತ್ತು ನಿಷೇಧಿಸಿತು. 1974ರಲ್ಲಿ ಬಂದ ಇನ್ನೊಂದು ಕಾಯಿದೆಯು, ಗಂಡನ ರುಜುವಿಲ್ಲದೆ ಹೆಂಗಸಿಗೆ ಸಾಲವಿಲ್ಲವೆನ್ನುವ ಹಳೆಯ ಅನ್ಯಾಯಕ್ಕೆ ತಡೆಹಾಕಿತು; ಉದ್ರಿ ಪುಸ್ತಕವು ಯಾರಿಗೆ ಪುಟವನ್ನು ನಿರಾಕರಿಸಿದ್ದಿತೋ ಅವರಿಗೆ ಕಾರ್ಡು ಮಾಡಿದ ನಿಜವಾದ ಉಪಕಾರವಿದು. ಐ.ಬಿ.ಎಂ. ಸಂಸ್ಥೆಯ ಇಂಜಿನಿಯರನಾದ ಫಾರೆಸ್ಟ್ ಪ್ಯಾರಿಯು 1960ರ ದಶಕದಲ್ಲಿ ಕಾಂತಪಟ್ಟಿಯನ್ನು ಪ್ಲಾಸ್ಟಿಕ್ಕಿಗೆ ಅಂಟಿಸಲಾರದೆ ಕಷ್ಟಪಡುತ್ತಿದ್ದಾಗ, ಇಸ್ತ್ರಿ ಮಾಡುತ್ತಿದ್ದ ಅವನ ಹೆಂಡತಿಯು ಇಸ್ತ್ರಿಪೆಟ್ಟಿಗೆಯ ಬಿಸಿಯಿಂದಲೇ ಅದನ್ನು ಅಂಟಿಸಿಕೊಟ್ಟಳೆಂದು ಹೇಳುತ್ತಾರೆ. ಆ ಪಟ್ಟಿಯು ಖಾತೆಯ ವಿವರವನ್ನು ಯಂತ್ರವೇ ಓದುವಂತೆ ಮಾಡಿತು. ಇತ್ತ ಬಡ್ಡಿಯ ವಿಷಯದಲ್ಲಿ ಶಾಸನದ ಹಿಡಿತವು ಸಡಿಲವಾಯಿತು. ಬ್ಯಾಂಕು ತಾನು ನೆಲೆಸಿರುವ ರಾಜ್ಯದ ಬಡ್ಡಿದರವನ್ನೇ ಬೇರೆ ರಾಜ್ಯದವರ ಮೇಲೂ ಹಾಕಬಹುದೆಂದು 1978ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತ ಮೇಲೆ, ಬಡ್ಡಿಗೆ ಮಿತಿಯಿಲ್ಲದ ರಾಜ್ಯಗಳಿಗೆ ಬ್ಯಾಂಕುಗಳು ತಮ್ಮ ಕಾರ್ಡಿನ ಕಚೇರಿಗಳನ್ನು ಸಾಗಿಸಿದುವು.

ಭಾರತಕ್ಕೆ ಡೈನರ್ಸ್ ಕ್ಲಬ್ಬಿನ ಕಾರ್ಡು 1961ರಲ್ಲಿ ಕಾಲಿ ಮೋದಿಯವರ ಮೂಲಕ ಬಂದಿತಾದರೂ ಬಹುಕಾಲ ಅದು ಕೆಲವೇ ಶ್ರೀಮಂತರ ಸ್ವತ್ತಾಗಿತ್ತು. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ, ಮರುವರ್ಷ ಆಂಧ್ರ ಬ್ಯಾಂಕ್ ತಮ್ಮ ಕಾರ್ಡುಗಳನ್ನು ಹೊರತಂದುವು. ಕೆನರಾ ಬ್ಯಾಂಕಿನ ಕ್ಯಾನ್‌ಕಾರ್ಡು ನಮ್ಮ ನಾಡಿನ ಮಧ್ಯಮವರ್ಗದ ಕೆಲವರ ಕಿಸೆಯನ್ನು ಸೇರಿತು. ಬಳಿಕ ವಿದೇಶೀ ಬ್ಯಾಂಕುಗಳೂ, 1998ರಲ್ಲಿ ಸ್ಟೇಟ್ ಬ್ಯಾಂಕಿನ ಕಾರ್ಡು ಸಂಸ್ಥೆಯೂ ಕ್ಷೇತ್ರಕ್ಕಿಳಿದುವು. ಸಾಲಗಾರರ ನಡವಳಿಕೆಯನ್ನು ದಾಖಲಿಸುವ ಸಿಬಿಲ್ ಸಂಸ್ಥೆಯು 2000ದಲ್ಲಿ ಸ್ಥಾಪಿತವಾದುದರಿಂದ, ಅಂಗಡಿಯವನು ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದ ನಂಬಿಕೆಯ ಲೆಕ್ಕವು ಮೂರಂಕಿಯ ಸಂಖ್ಯೆಯಾಗಿ ಮಾರ್ಪಡುವ ದಾರಿಯು ತೆರೆಯಿತು. 2022ರಲ್ಲಿ ರಿಸರ್ವ್ ಬ್ಯಾಂಕು ಕೇಳದವರಿಗೆ ಕಾರ್ಡು ಕೊಡಕೂಡದೆಂಬ ನಿಷೇಧವನ್ನು ತನ್ನ ನಿರ್ದೇಶನಗಳಲ್ಲಿ ಬಿಗಿಗೊಳಿಸಿತು. ಅದೇ ವರ್ಷ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಅವಕಾಶವುಂಟಾದುದರಿಂದ, ಉದ್ರಿ ಪುಸ್ತಕವಿದ್ದ ಅದೇ ಕಿರಾಣಿ ಅಂಗಡಿಯ ಗೋಡೆಯ ಕ್ಯೂ.ಆರ್. ಚೌಕದ ಮೂಲಕವೂ ಇಂದು ಬ್ಯಾಂಕಿನ ಸಾಲವು ಹರಿಯಬಲ್ಲುದಾಗಿದೆ. ಆದರೆ ಬಡ್ಡಿಯ ಮೇಲ್ಮಿತಿಯ ಮಾತು ಬೇರೆ: ಶೇಕಡಾ 30ನ್ನು ಮೀರಿದ ವಾರ್ಷಿಕ ಬಡ್ಡಿಯು ಅನ್ಯಾಯದ ವ್ಯಾಪಾರಕ್ರಮವೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ತಳ್ಳಿಹಾಕಿತು. ಅಂಗಡಿಯವನ ಕಣ್ಣು ತೆರವಾದ ಸ್ಥಾನಕ್ಕೆ ನ್ಯಾಯಾಲಯವೂ ಬಂದು ಕುಳಿತುಕೊಳ್ಳದೆಂದ ಮೇಲೆ, ಉಳಿದವನು ಕಾರ್ಡನ್ನು ಹಿಡಿದವನೊಬ್ಬನೇ.

ಹಾಗಾದರೆ ಆತನು ತಿಳಿದಿರಬೇಕಾದುದೇನು? ಕಾರ್ಡಿನ ವ್ಯವಸ್ಥೆಯಲ್ಲಿ ಡೈನರ್ಸ್ ಕ್ಲಬ್ಬಿನ ಹಳೆಯ ನಿಯಮವೂ ಫ್ರೆಸ್ನೊದ ಹೊಸ ನಿಯಮವೂ ಒಟ್ಟಿಗೇ ಅಡಗಿವೆ. ಯಾವುದನ್ನು ಆರಿಸಿಕೊಳ್ಳಬೇಕೆಂಬುದು ಪ್ರತಿ ತಿಂಗಳೂ ಅವನ ಪಾಲಿನ ತೀರ್ಮಾನ. ಬಿಲ್ಲಿನ ಪೂರ್ತಿ ಮೊತ್ತವನ್ನು ಗಡುವಿನೊಳಗೆ ತೆತ್ತವನಿಗೆ, ಕೊಂಡ ದಿನವನ್ನನುಸರಿಸಿ ಸಾಮಾನ್ಯವಾಗಿ 20ರಿಂದ 50 ದಿನಗಳವರೆಗೆ ಬಡ್ಡಿಯಿಲ್ಲದ ಅವಧಿಯು ದೊರೆಯುತ್ತದೆ. ಖರ್ಚಿನ ಪ್ರತಿಯೊಂದು ಬಾಬೂ ದಿನಾಂಕಸಹಿತವಾಗಿ ಅವನ ಕೈಸೇರುತ್ತದೆ. ಕಳೆದ ನೋಟು ಮರಳಿ ಬಾರದು, ಆದರೆ ಕಳೆದ ಕಾರ್ಡನ್ನು ಒಂದು ದೂರವಾಣಿ ಕರೆಯಿಂದ ತಡೆಹಿಡಿಯಿಸಬಹುದು. ಪೂರ್ತಿ ತೆರದವನ ಕಥೆ ಬೇರೆ. ತಿಂಗಳಿಗೆ ಶೇಕಡಾ 3½ರ ಬಡ್ಡಿಯಲ್ಲಿ ₹10,000 ಬಾಕಿಯುಳಿಸಿ, ‘ಕನಿಷ್ಠ ಮೊತ್ತ’ವೆಂದು ಬಿಲ್ಲಿನಲ್ಲಿ ಅಚ್ಚಾದ ಶೇಕಡಾ 5ನ್ನು, ಎಂದರೆ ₹500ನ್ನು ಕಟ್ಟಿದವನ ಹಣದಲ್ಲಿ ₹350 ಬಡ್ಡಿಗೇ ಹೋಗಿ, ತೆರಿಗೆಯ ಮಾತನ್ನು ಬಿಟ್ಟರೂ, ಅಸಲಿಗೆ ಸೇರುವುದು ₹150 ಮಾತ್ರ. ಬಾಕಿಯಿರುವಾಗ ಮಾಡಿದ ಹೊಸ ಖರೀದಿಗಳಿಗೂ ಬಡ್ಡಿಯಿಲ್ಲದ ಅವಧಿಯು ಸಾಮಾನ್ಯವಾಗಿ ಇಲ್ಲವಾಗುತ್ತದೆ, ಎ.ಟಿ.ಎಂ.ನಿಂದ ಕಾರ್ಡಿನ ಮೇಲೆ ನಗದು ತೆಗೆದರಂತೂ ತೆಗೆದ ದಿನದಿಂದಲೇ ಬಡ್ಡಿ, ಮೇಲೆ ಶುಲ್ಕ.

ಇದಕ್ಕಿಂತ ಸೂಕ್ಷ್ಮವಾದ ಅಪಾಯವೂ ಒಂದುಂಟು. 2001ರಲ್ಲಿ ಡ್ರೇಜನ್ ಪ್ರೆಲೆಕ್ ಮತ್ತು ಡಂಕನ್ ಸಿಮೆಸ್ಟರ್ ಎಂಬ ವಿದ್ವಾಂಸರು ಪ್ರಕಟಿಸಿದ ಪ್ರಯೋಗದಲ್ಲಿ, ಕ್ರೀಡಾಪಂದ್ಯದ ಟಿಕೀಟುಗಳಿಗೆ ಹರಾಜಿನಲ್ಲಿ ಬೆಲೆ ಕಟ್ಟಿದ ವಿದ್ಯಾರ್ಥಿಗಳ ಪೈಕಿ ಕಾರ್ಡಿನಿಂದ ತೆರಬೇಕಾದವರು ನಗದಿನಿಂದ ತೆರಬೇಕಾದವರಿಗಿಂತ ಎಷ್ಟೋ ಹೆಚ್ಚಿನ ಬೆಲೆಯನ್ನು ಕಟ್ಟಿದರು. ನೋಟು ಕೈಬಿಡುವಾಗಿನ ನೋವು ಕಾರ್ಡಿನಲ್ಲಿಲ್ಲ; ಆದುದರಿಂದ ಆ ನೋವು ಮಾಡುತ್ತಿದ್ದ ಕೆಲಸವನ್ನು ವಿವೇಕವು ಮಾಡಬೇಕು. ನಗದಿದ್ದರೆ ಯಾವುದನ್ನು ಕೊಳ್ಳುತ್ತಿದ್ದೆವೋ ಅದನ್ನಷ್ಟೇ ಕಾರ್ಡಿನಿಂದ ಕೊಳ್ಳುವುದು, ಖಾತೆಯಲ್ಲಿರುವ ಹಣವನ್ನು ಮೀರಿ ಬರೆಯಿಸದಿರುವುದು, ಬ್ಯಾಂಕು ಗೊತ್ತುಮಾಡಿದ ಮಿತಿಯನ್ನು ತನ್ನ ಶಕ್ತಿಯೆಂದು ಭ್ರಮಿಸದಿರುವುದು, ಬಿಲ್ಲು ಬಂದ ತಿಂಗಳಲ್ಲಿಯೇ ಚುಕ್ತಾ ಮಾಡುವುದು: ಇವು ಹೊಸ ನೀತಿಗಳಲ್ಲ, ಮರ್ಯಾದಸ್ಥ ಗಿರಾಕಿಯು ಯಾವ ಕಾಲದಲ್ಲಿಯೂ ಪಾಲಿಸಿಕೊಂಡು ಬಂದ ನಡೆ.

ಆದರೆ ಕಾವಲಿನ ಹೊಣೆಯನ್ನು ಸಾಮಾನ್ಯ ಗೃಹಸ್ಥನ ಹೆಗಲಿಗೆ ಏರಿಸಿದ ಸಮಾಜವು ಆತನಿಗೆ ಅದಕ್ಕೆ ಬೇಕಾದ ತಿಳಿವನ್ನೂ ಒದಗಿಸಬೇಕಲ್ಲವೆ? ಅಕ್ಷರ ಬಾರದ ಗಿರಾಕಿಯು ಅಂಗಡಿಯವನ ಪುಸ್ತಕದ ಮುಂದೆ ಎಷ್ಟು ನಿಸ್ಸಹಾಯನಾಗಿದ್ದನೋ, ಇಂಗ್ಲಿಷಿನ ಕಿರಿಯಕ್ಷರಗಳಲ್ಲಿ ತುಂಬಿದ ಕರಾರುಪತ್ರದ ಮುಂದೆ ನಮ್ಮ ಎಷ್ಟೋ ಮಂದಿ ವಿದ್ಯಾವಂತರೂ ಅಷ್ಟೇ ನಿಸ್ಸಹಾಯರಾಗಿದ್ದಾರೆ. ಬಡ್ಡಿಯೆಷ್ಟು, ಅದು ಯಾವ ದಿನದಿಂದ ಏರುವುದು, ಕನಿಷ್ಠ ಮೊತ್ತವನ್ನೇ ಕಟ್ಟುತ್ತ ಹೋದರೆ ಸಾಲವು ತೀರಲು ಎಷ್ಟು ಕಾಲ ಬೇಕು ಎಂಬುದನ್ನು ಸ್ವಚ್ಛವಾದ ಕನ್ನಡದಲ್ಲಿ, ಓದಬಲ್ಲ ಅಕ್ಷರಗಳಲ್ಲಿ, ರುಜು ಹಾಕುವ ಮೊದಲೇ ತಿಳಿಸುವುದು ಬ್ಯಾಂಕುಗಳ ಧರ್ಮ. ಬಡ್ಡಿಯ ಗಣಿತವನ್ನು ಕಾರ್ಡಿನ ಬಿಲ್ಲೊಂದನ್ನು ಮುಂದಿಟ್ಟುಕೊಂಡು ಹುಡುಗರಿಗೆ ಕಲಿಸುವುದು ನಮ್ಮ ಶಾಲೆಗಳ ಕರ್ತವ್ಯ. ಕೆನರೆಯ ಕರಾವಳಿಯಲ್ಲಿಯೂ ಗದಗಿನ ಹೊಲಗಳ ನಡುವೆಯೂ ಸಾಮಾನ್ಯರಿಗೆ ಹಣದ ಶಿಕ್ಷಣವನ್ನು ಅವರ ಭಾಷೆಯಲ್ಲಿಯೇ, ಅವರ ಬಾಗಿಲಿನಲ್ಲಿಯೇ ಕೊಟ್ಟ ನಾಡಿಗೆ ಇದು ಅಸಾಧ್ಯವಾದ ಕಾರ್ಯವೇನೂ ಅಲ್ಲ. ಮಾಡದೆ ಬಿಟ್ಟರೆ ಮಾತ್ರ ಅದು ಕ್ಷಮ್ಯವಲ್ಲ.