ಸುರ್ಕಿಗಾರೆಯೂ ಇಂದಿನ ರಸ್ತೆಯ ಕಾಂಕ್ರೀಟೂ

ಕೆಡವಿದ ಕಟ್ಟಡಗಳ ಅವಶೇಷವನ್ನು ಪುಡಿಮಾಡಿ ಕಾಂಕ್ರೀಟಿಗೆ ಬೆರೆಸಿ ರಸ್ತೆಗಳಿಗೆ ಹಾಸುವ ಕ್ರಮವು ಪೂರ್ವಿಕರ ಸುರ್ಕಿಗಾರೆಯ ಪುನರಾವೃತ್ತಿಯೇ ಎಂದು ಹೇಳುವುದುಂಟು. ಈ ಮಾತು ಅರ್ಧಾಂಶದಲ್ಲಿ ಮಾತ್ರ ಸಾಧುವಾದುದು.

ಕ್ರಿಸ್ತಪೂರ್ವ 1ನೆಯ ಶತಮಾನದ ರೋಮಕ ವಾಸ್ತುಶಾಸ್ತ್ರಜ್ಞನಾದ ವಿಟ್ರೂವಿಯಸನು, ಹೊಳೆಯ ಇಲ್ಲವೆ ಕಡಲಿನ ಮರಳಿಗೆ ಮೂರರಲ್ಲೊಂದು ಪಾಲು ಮಡಕೆಯೋಡಿನ ಪುಡಿಯನ್ನು ಜರಡಿ ಹಿಡಿದು ಕೂಡಿಸಿದರೆ ಗಾರೆಯು ಉತ್ತಮವಾಗುವುದೆಂದು ಬರೆದಿರುವನು. ಮೈಸೂರು ಸೀಮೆಯಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಅಣೆಕಟ್ಟೂ ಸಿಮೆಂಟಿನಿಂದಲ್ಲ, ಸುರ್ಕಿಗಾರೆಯಿಂದಲೇ ಎದ್ದುದು. ಹದವಾಗಿ ಸುಟ್ಟ ಜೇಡಿಮಣ್ಣಿನ ನುಣ್ಪುಡಿಯು ನೀರಿನ ಸಂಗದಲ್ಲಿ ಸುಣ್ಣದೊಡನೆ ರಾಸಾಯನಿಕವಾಗಿ ಕೂಡಿ ತಾನೇ ಬಂಧಕವಾಗುತ್ತದೆ. ಸುರ್ಕಿಯ ಮರ್ಮವೆಲ್ಲ ಇದರಲ್ಲಿದೆ.

ಒಡೆದ ಕಾಂಕ್ರೀಟಿನ ತುಂಡಿಗಾದರೋ ಈ ಶಕ್ತಿಯಿಲ್ಲ. ಅದು ಜಲ್ಲಿಯ ಸ್ಥಾನವನ್ನು ತುಂಬುವುದಷ್ಟೆ. ಅಲ್ಲಿಯೂ ಮೈಗಂಟಿದ ಹಳೆಯ ಗಾರೆಯು ನೀರನ್ನು ಹೀರಿ ಮಿಶ್ರಣದ ಹದವನ್ನು ಕೆಡಿಸುತ್ತದೆ. ಭಾರತೀಯ ಮಾನಕ 383ರ 2016ರ ಆವೃತ್ತಿಯು ಕಬ್ಬಿಣವಿಲ್ಲದ ಕಾಂಕ್ರೀಟಿನಲ್ಲಿ ಇಂತಹ ಜಲ್ಲಿಗೆ ನೂರಕ್ಕೆ 25ರ ಮಿತಿಯನ್ನು ವಿಧಿಸಿತು. ಎಂ 15ಕ್ಕಿಂತ ಕೆಳದರ್ಜೆಯ, ಸಿಮೆಂಟು ಅಲ್ಪವಾದ ಕಾಂಕ್ರೀಟಿನಲ್ಲಿ ಮಾತ್ರ ನೂರಕ್ಕೆ ನೂರನ್ನೂ ಒಪ್ಪಿತು. ಕಾಂಕ್ರೀಟು ರಸ್ತೆಯ ಮೇಲ್ಹಾಸಿನ ಅಡಿಯಲ್ಲಿ ಹರಡುವ ಪದರವು ಸಾಮಾನ್ಯವಾಗಿ ಈ ಎರಡನೆಯ ಜಾತಿಯದು. ಕೆಡವಿದ ಗೋಡೆಯ ಇಟ್ಟಿಗೆಯನ್ನು ಬೇರ್ಪಡಿಸಿ ನುಣ್ಣಗೆ ಅರೆದಲ್ಲಿ ಮಾತ್ರ ಸುರ್ಕಿಯ ಹೆಸರು ಸಲ್ಲುತ್ತದೆ.