ನಂಟರ ನಂಬಿಕೆ ಎಂಬ ಮೂಲಧನ

ಕೃಷ್ಣಾ, ಘಟಪ್ರಭಾ ನದಿಗಳ ಸೀಮೆಯಲ್ಲಿ ವ್ಯಾಪಾರಕ್ಕೂ ಜಿನಧರ್ಮಕ್ಕೂ ಇರುವ ನಂಟು ಹಳೆಯದು. ಮಂಡಳಿಕ ಗೊಂಕನು 12ನೆಯ ಶತಮಾನದಲ್ಲಿ ತೇರದಾಳದಲ್ಲಿ ಕಟ್ಟಿಸಿದ ನೇಮಿನಾಥ ಬಸದಿಗೆ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ದತ್ತಿ ಬಿಟ್ಟ ಸಂಗತಿಯನ್ನು ಅಲ್ಲಿಯ ಶಾಸನ ಸಾರುತ್ತದೆ. ಆ ಅಯ್ಯಾವೊಳೆಯೇ ನಮ್ಮ ಜಿಲ್ಲೆಯ ಐಹೊಳೆ. ನಾಡುನಾಡು ಸುತ್ತುತ್ತಿದ್ದ ಆ ವರ್ತಕರಿಗೆ ಕೊಟ್ಟ ಮಾತೇ ದೊಡ್ಡ ಬಂಡವಾಳವಾಗಿತ್ತು.

ಇದೇ ಬಂಡವಾಳವನ್ನು ನೆಚ್ಚಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ಮಾರವಾಡ, ಗುಜರಾತ, ಕಚ್ಛಗಳ ಜೈನ ಕುಟುಂಬಗಳು ಮುಂಬಯಿ ಪ್ರಾಂತದ ಪೇಟೆಗಳಿಗೆ ಹೆಚ್ಚಾಗಿ ಬರತೊಡಗಿದವು. 1884ರಲ್ಲಿ ಗದಗ–ಹೋಟಗಿ ರೈಲುಮಾರ್ಗ ತೆರೆದು ಬಾಗಲಕೋಟೆ, ವಿಜಾಪುರಗಳು ಸೊಲ್ಲಾಪುರದ ಕಡೆಗೆ ಜೋಡಿಸಲ್ಪಟ್ಟವು. 1899–1900ರ ಭೀಕರ ಬರಗಾಲವು ಮಾರವಾಡದ ಇನ್ನಷ್ಟು ಕುಟುಂಬಗಳನ್ನು ಊರು ಬಿಡಿಸಿತು. ಹೊಸಬರಿಗೆ ಈ ಸೀಮೆಯಲ್ಲಿ ವ್ಯವಹಾರ ಸುಲಭವಾಗಿರಲಿಲ್ಲ. ಜಮಖಂಡಿಯಲ್ಲಿ ಪಟವರ್ಧನರ ಆಳಿಕೆ, ಮುಧೋಳದಲ್ಲಿ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದರೆ, ಬೀಳಗಿ ಬ್ರಿಟಿಷರ ಕೈಯಲ್ಲಿತ್ತು. ಒಂದು ದಿನದ ಬಂಡಿ ಪ್ರಯಾಣದಲ್ಲಿ ಸರಕಾರವೇ ಬದಲಾಗುತ್ತಿತ್ತು. ಗಡಿ ದಾಟಿ ಹೋದ ಸಾಲಗಾರನನ್ನು ಕಾಗದಪತ್ರ ಹಿಡಿದು ಬೆನ್ನಟ್ಟುವುದು ಕಷ್ಟ. ಆದರೆ ಬೀಗತನಕ್ಕೆ ಗಡಿಯಿಲ್ಲ. ಮಾತಿಗೆ ತಪ್ಪಿದವನ ಸುದ್ದಿ ಎಲ್ಲ ಊರುಗಳ ನಂಟರ ಮನೆಗೂ ತಲುಪುತ್ತಿತ್ತು. ಅವನ ಮಕ್ಕಳ ಸಂಬಂಧ ಕುದುರುವುದೂ ಕಷ್ಟವಾಗುತ್ತಿತ್ತು.

ಈ ವ್ಯವಸ್ಥೆ ಮೂರು ಮೆಟ್ಟಿಲುಗಳದು. ಹಳ್ಳಿಯಿಂದ ಬಂದ ಹುಡುಗನು ಮೊದಲು ಸೋದರಮಾವನದೋ ದೊಡ್ಡಪ್ಪನದೋ ಅಂಗಡಿಯಲ್ಲಿ ಉಂಡು, ಅಲ್ಲಿಯೇ ಮಲಗಿ ಕೆಲಸ ಕಲಿಯುವನು. ಲೆಕ್ಕ ಬಂದ ಮೇಲೆ ಗುಮಾಸ್ತನಾಗಿ, ನಂಬಿಕೆ ಗಳಿಸಿದರೆ ಲಾಭದಲ್ಲಿ ಚಿಕ್ಕ ಪಾಲು ಪಡೆಯುವನು. ಕೊನೆಗೆ ಬೇರೊಂದು ಪೇಟೆಯಲ್ಲಿ ತನ್ನದೇ ಅಂಗಡಿ ಇಡುವಾಗ ಅವನಿಗೆ ನಗದಿಗಿಂತ ಹೆಚ್ಚಾಗಿ ಸರಕೇ ಉದ್ದರಿಯಾಗಿ ದೊರೆಯುವುದು. ದೂರದ ಹಣವನ್ನು ಹುಂಡಿ ತರುತ್ತಿತ್ತು: ದರ್ಶನಿ ಹುಂಡಿಗೆ ಕಂಡೊಡನೆ, ಮುದ್ದತಿ ಹುಂಡಿಗೆ ಗಡುವು ತುಂಬಿದ ಮೇಲೆ ಹಣ. ಹುಂಡಿಯ ಬೆಲೆಯೆಲ್ಲ ಬರೆದವನ ಮನೆತನದ ಹೆಸರಿನಲ್ಲಿ ಇರುತ್ತಿತ್ತು. ಪಾಲನಪುರದ ಜೈನ ಕುಟುಂಬಗಳು ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದ ವಜ್ರದ ಪೇಟೆಯಲ್ಲಿ ನೆಲೆಯೂರಿದ್ದೂ ಅಣ್ಣ ತಮ್ಮನಿಗೆ ಸರಕು ನಂಬಿ ಕಳಿಸುವ ಇದೇ ಕ್ರಮದಿಂದ.

ಇಂಥ ನಂಬಿಕೆಗೆ ನಮ್ಮ ಆಚಾರ್ಯರು ವ್ರತದ ಬೇಲಿಯನ್ನೇ ಕಟ್ಟಿದ್ದರು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯನ್ನೂ ನ್ಯಾಸಾಪಹಾರವನ್ನೂ ಎಣಿಸುತ್ತದೆ. ಸುಳ್ಳು ಪತ್ರ ಬರೆಯುವುದು ಮೊದಲನೆಯದು. ಎರಡನೆಯದನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸೂಕ್ಷ್ಮವಾಗಿ ವಿವರಿಸಿದ್ದಾರೆ: ಹಣ ಇಟ್ಟವನು ಮೊತ್ತವನ್ನು ಮರೆತು ಕಡಿಮೆ ಕೇಳಿದಾಗ, ‘ಹೌದು, ಅಷ್ಟೇ’ ಎಂದು ಒಪ್ಪಿ ಅಷ್ಟನ್ನೇ ಕೊಡುವುದೂ ದೋಷವೇ. ವಿಧವೆಯೊಬ್ಬಳು ತನ್ನ ಸ್ತ್ರೀಧನವನ್ನು ಬಂಧುವಿನ ಅಂಗಡಿಯಲ್ಲಿ ಇಟ್ಟು ನಿಶ್ಚಿಂತಳಾಗಿರಬೇಕಾದರೆ, ಕೀರ್ದಿ ಖಾತೆಯ ಹಿಂದೆ ಇಂಥ ವ್ರತ ಜಾಗೃತವಾಗಿರಬೇಕು.

ಆದರೆ ಪ್ರಶ್ನೆ ಇಲ್ಲಿಗೆ ಮುಗಿಯದು. ನಂಟರೊಳಗೆ ಪಾಲಿಸಿದ ಪ್ರಾಮಾಣಿಕತೆ ಹೊರಗಿನ ಸಾಲಗಾರನಿಗೂ ಸಂದಿತೇ? 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಮಾರವಾಡಿ, ಗುಜರಾತಿ ಸಾಹುಕಾರರ ಮೇಲೆ ದಂಗೆಯೆದ್ದರು. ದಂಗೆ ಅಹಮದನಗರ ಜಿಲ್ಲೆಗೂ ಹಬ್ಬಿತು. ಅವರು ಮುಖ್ಯವಾಗಿ ಹುಡುಕಿ ಸುಟ್ಟದ್ದು ಸಾಲಪತ್ರಗಳನ್ನು. ಅದರ ಫಲವಾಗಿ 1879ರಲ್ಲಿ ದಖ್ಖನದ ರೈತರ ಪರಿಹಾರ ಕಾಯಿದೆ ಬಂದಿತು. ರಬಕವಿ–ಬನಹಟ್ಟಿಯ ನೇಕಾರನನ್ನೇ ನೆನೆಯಿರಿ. ನೂಲನ್ನು ಉದ್ದರಿ ತಂದು ಕೂಲಿಗೆ ನೇಯುವವನಿಗೆ ಕೈಯಲ್ಲಿ ಕಸುಬಿದೆ. ಸ್ವಂತ ಮಗ್ಗಕ್ಕೆ ಹಣ ಕೊಡಬಲ್ಲ ಸೋದರಮಾವನಿಲ್ಲ. ನಮ್ಮ ಕನ್ನಡ ಜೈನ ಒಕ್ಕಲು ಮನೆಗಳಲ್ಲಿಯೂ ಅಂಥ ಮಾವನಿಲ್ಲದವರು ಹಲವರು.

ಬೇಲಿ ತೆರೆದರೆ ಏನಾಗುತ್ತದೆಂಬುದಕ್ಕೆ ವಾಲಚಂದ ಹೀರಾಚಂದರ ಉದಾಹರಣೆಯಿದೆ. ಇವರ ಪೂರ್ವಜರು ಕಾಠಿಯಾವಾಡದಿಂದ ಸೊಲ್ಲಾಪುರಕ್ಕೆ ವಲಸೆ ಬಂದ ದಿಗಂಬರ ಜೈನರು. 1882ರಲ್ಲಿ ಜನಿಸಿದ ವಾಲಚಂದರು ಮನೆತನದ ಹತ್ತಿ, ಲೇವಾದೇವಿಗಳ ದಾರಿ ಬಿಟ್ಟು ರೈಲ್ವೆ ಗುತ್ತಿಗೆಗೆ ಇಳಿದಾಗ ಪಾಲುದಾರನಾದವರು ಲಕ್ಷ್ಮಣರಾವ್ ಫಾಟಕ್. ನಂಟರಲ್ಲ, ಸ್ವಜಾತಿಯವರೂ ಅಲ್ಲ, ಹಿಂದೆ ರೈಲ್ವೆಯಲ್ಲಿ ಗುಮಾಸ್ತರಾಗಿದ್ದವರು. ಫಾಟಕರ ಅನುಭವ ಮತ್ತು ವಾಲಚಂದರ ಮನೆತನದ ಹಣ ಕೂಡಿಕೊಂಡವು. ಅದೇ ವಾಲಚಂದರು 1940ರಲ್ಲಿ ಮೈಸೂರು ಸರಕಾರದೊಡನೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಆರಂಭಿಸಿದರು.

ನಂಬಿಕೆಯನ್ನು ರಕ್ತಸಂಬಂಧದಾಚೆಗೆ ಒಯ್ಯುವ ದಾರಿಯನ್ನು ನಮ್ಮ ನಾಡೂ ಕಂಡಿದೆ. 1905ರಲ್ಲಿ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘವನ್ನು ಸ್ಥಾಪಿಸಿ, ಊರೇ ಊರಿಗೆ ಜಾಮೀನಾಗಬಲ್ಲದೆಂದು ತೋರಿಸಿದರು. 1899ರಲ್ಲಿ ಸ್ಥಾಪನೆಯಾದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯು ವಿದ್ಯಾರ್ಥಿನಿಲಯಗಳನ್ನು ನಡೆಸಿ, ಪೇಟೆಯಲ್ಲಿ ನಂಟರಿಲ್ಲದ ಹುಡುಗರಿಗೂ ಅನ್ನ, ಆಸರೆಗಳನ್ನು ಒದಗಿಸಿತು. ಅಂಗಡಿಯಲ್ಲಿ ಸೋದರಮಾವ ಮಾಡುತ್ತಿದ್ದುದನ್ನು ಇಲ್ಲಿ ಸಮಾಜವೇ ಮಾಡಿತು.

ದಾನದ ಒಂದು ಭಾಗವು ಕಸುಬು ಬಲ್ಲ, ಆದರೆ ಬೆನ್ನಿಗೆ ಯಾರೂ ಇಲ್ಲದ ಯುವಕ ಯುವತಿಯರ ಮೊದಲ ಬಂಡವಾಳವಾಗಿ ಹೋಗಿ ಮರಳಿ ಬರುವಂತೆ ನಿಧಿಯೊಂದನ್ನು ಕಟ್ಟುವ ವಿಚಾರವನ್ನು ಬಸದಿಗಳ ವಿಶ್ವಸ್ತರು ಮಾಡಬೇಕು. ದೇವದ್ರವ್ಯವನ್ನು ಮುಟ್ಟದೆ, ಈ ಉದ್ದೇಶಕ್ಕೆಂದೇ ಕೊಟ್ಟ ದಾನದಿಂದ ಇದು ನಡೆಯಬೇಕು. ಲೆಕ್ಕ ಎಲ್ಲರಿಗೂ ತೆರೆದಿರಬೇಕು. ಪರಿಗ್ರಹ ಪರಿಮಾಣವೆಂದರೆ ಗಳಿಕೆಗೆ ಮಿತಿ ಹಾಕಿಕೊಳ್ಳುವುದು. ಆ ಮಿತಿಯನ್ನು ಮೀರಿ ಉಳಿದದ್ದು ನಂಟರ ಮನೆಯಲ್ಲಿಯೇ ಸುತ್ತುತ್ತಿದ್ದರೆ, ವ್ರತ ಪಾಲಿಸಿದ್ದು ವ್ಯಕ್ತಿ ಮಾತ್ರ, ಮನೆತನವಲ್ಲ.