ಪೋಷಕತ್ವದ ಮೂಲಕ ದತ್ತು ಸ್ವೀಕಾರ

ಪೋಷಕತ್ವದ ಮೂಲಕ ದತ್ತು ಸ್ವೀಕಾರ ಎಂದರೆ, ಹೆತ್ತವರೊಡನೆ ಇರಲಾಗದ ಮಗುವನ್ನು ಮೊದಲು ತಾತ್ಕಾಲಿಕವಾಗಿ ಮನೆಯಲ್ಲಿರಿಸಿಕೊಂಡು ಸಾಕಿದ ಕುಟುಂಬವೇ, ಆ ಮಗು ಕಾನೂನಿನ ಪ್ರಕಾರ ದತ್ತುಯೋಗ್ಯವೆಂದು ಘೋಷಿತವಾದ ಬಳಿಕ, ಅದನ್ನು ಶಾಶ್ವತವಾಗಿ ತನ್ನ ಮಗುವಾಗಿ ಸ್ವೀಕರಿಸುವ ಕ್ರಮ. ಭಾರತದಲ್ಲಿ ಇದು 2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2022ರ ದತ್ತು ನಿಯಮಾವಳಿ ಹಾಗೂ 2024ರ ಮಾದರಿ ಪೋಷಕತ್ವ ಮಾರ್ಗಸೂಚಿಗಳ ಚೌಕಟ್ಟಿನಲ್ಲಿ ನಡೆಯುತ್ತದೆ. ಪೋಷಕತ್ವವು ದತ್ತು ಸ್ವೀಕಾರಕ್ಕೆ ಒಳದಾರಿಯಲ್ಲ. ಪೋಷಕತ್ವದಲ್ಲಿರುವ ಮಗು ಹೆತ್ತವರ ಬಳಿಗೆ ಮರಳುವ ಸಾಧ್ಯತೆಯನ್ನು ಕಾನೂನೇ ತೆರೆದಿಟ್ಟಿರುತ್ತದೆ.

ಪದಬಳಕೆ

ಕನ್ನಡದ ಆಡುಮಾತಿನಲ್ಲಿ 'ಸಾಕುಮಗ', 'ಸಾಕುಮಗಳು' ಎಂಬ ಪದಗಳು ದತ್ತು ಮಕ್ಕಳಿಗೂ, ಯಾವ ಕಾಗದಪತ್ರವಿಲ್ಲದೆ ಮನೆಯಲ್ಲಿ ಬೆಳೆದ ಮಕ್ಕಳಿಗೂ ಒಂದೇ ರೀತಿ ಸಲ್ಲುತ್ತವೆ. ಕಾನೂನಿನ ದೃಷ್ಟಿಯಲ್ಲಿ ಇವು ಬೇರೆ ಬೇರೆ. ದತ್ತು ಪಡೆದ ಮಗುವಿಗೆ ಹೊಸ ತಂದೆತಾಯಿಗಳಲ್ಲಿ ಹೆತ್ತ ಮಗುವಿಗಿರುವ ಎಲ್ಲ ಹಕ್ಕುಗಳೂ ಪ್ರಾಪ್ತವಾಗುತ್ತವೆ; ಹುಟ್ಟಿದ ಕುಟುಂಬದೊಡನೆ ಅದರ ಕಾನೂನು ಸಂಬಂಧ ಕಡಿಯುತ್ತದೆ. ಪೋಷಕತ್ವದಲ್ಲಿರುವ ಮಗುವಿಗೆ ಪೋಷಕ ಕುಟುಂಬದ ಆಸ್ತಿಯಲ್ಲಿ ಹಕ್ಕು ಹುಟ್ಟುವುದಿಲ್ಲ, ಹೆತ್ತವರೊಡನೆ ಸಂಬಂಧವೂ ಮುರಿಯುವುದಿಲ್ಲ.

'ದತ್ತುಪೂರ್ವ ಪೋಷಣೆ' ಎಂಬ ಇನ್ನೊಂದು ಪದವು ಗೊಂದಲಕ್ಕೆ ಕಾರಣವಾಗುತ್ತದೆ. ಈಗಾಗಲೇ ದತ್ತುಯೋಗ್ಯವೆಂದು ಘೋಷಿತವಾದ ಮಗುವನ್ನು, ಅಂತಿಮ ಆದೇಶ ಹೊರಬೀಳುವವರೆಗೆ ಭಾವೀ ಪೋಷಕರ ಮನೆಯಲ್ಲಿ ಇರಿಸುವುದಕ್ಕೆ ಆ ಹೆಸರು. ಅದು ಸಾಮಾನ್ಯ ದತ್ತು ಪ್ರಕ್ರಿಯೆಯ ಒಂದು ಹಂತವೇ ಹೊರತು ಈ ಲೇಖನದ ವಿಷಯವಾದ ಪೋಷಕತ್ವವಲ್ಲ.

ಹಿನ್ನೆಲೆ

ಭಾರತದಲ್ಲಿ ದತ್ತು ಬಹುಕಾಲ ವಂಶ, ಪಿಂಡ ಮತ್ತು ಆಸ್ತಿಯ ಪ್ರಶ್ನೆಯಾಗಿತ್ತು. ಕಿತ್ತೂರು ಸಂಸ್ಥಾನದ ದತ್ತುಪುತ್ರನನ್ನು ಈಸ್ಟ್ ಇಂಡಿಯಾ ಕಂಪನಿ ಮಾನ್ಯ ಮಾಡದೆ ಹೋದದ್ದು 1824ರ ಯುದ್ಧಕ್ಕೆ ಕಾರಣವಾದುದನ್ನು ಕನ್ನಡಿಗರು ಬಲ್ಲರು. ಅಲ್ಲಿ ಕೇಳಿದ ಪ್ರಶ್ನೆ ಸಂಸ್ಥಾನಕ್ಕೆ ಉತ್ತರಾಧಿಕಾರಿ ಯಾರು ಎಂಬುದು. ಮಗುವಿಗೆ ಮನೆ ಎಲ್ಲಿ ಎಂಬುದಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯು ಮಹಿಳೆಯರಿಗೆ ದತ್ತು ಪಡೆಯುವ ಹಕ್ಕನ್ನೂ, ಹೆಣ್ಣುಮಕ್ಕಳನ್ನು ದತ್ತು ನೀಡುವ ಅವಕಾಶವನ್ನೂ ಕಲ್ಪಿಸಿತಾದರೂ ಅದು ಹಿಂದೂ, ಬೌದ್ಧ, ಜೈನ ಮತ್ತು ಸಿಖ್ಖರಿಗಷ್ಟೇ ಅನ್ವಯಿಸಿತು. ಉಳಿದವರು 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯಡಿ ಪಾಲಕತ್ವವನ್ನು ಮಾತ್ರ ಪಡೆಯಬಹುದಾಗಿತ್ತು. ಮಗು ಪ್ರಾಪ್ತವಯಸ್ಕವಾದೊಡನೆ ಅದು ಕೊನೆಗೊಳ್ಳುತ್ತಿತ್ತು.

2000ನೆಯ ಇಸವಿಯ ಬಾಲನ್ಯಾಯ ಕಾಯ್ದೆ ಎಲ್ಲ ಮತಧರ್ಮದವರಿಗೂ ಅನ್ವಯಿಸುವ ದತ್ತು ವ್ಯವಸ್ಥೆಗೆ ದಾರಿ ತೆರೆಯಿತು. ಶಬನಮ್ ಹಾಶ್ಮಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಇದನ್ನು ಎತ್ತಿಹಿಡಿಯಿತು. 2015ರ ಕಾಯ್ದೆಯ 44ನೆಯ ಕಲಂ ಪೋಷಕತ್ವಕ್ಕೆ ಮೀಸಲಾಗಿದೆ.

ಪೋಷಕತ್ವದ ವ್ಯವಸ್ಥೆ

ಮಗುವನ್ನು ಪೋಷಕ ಕುಟುಂಬಕ್ಕೆ ಒಪ್ಪಿಸುವ ಅಧಿಕಾರ ಮಕ್ಕಳ ಕಲ್ಯಾಣ ಸಮಿತಿಯದು. ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಯ ಮುಂದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕವು ಕುಟುಂಬದ ಗೃಹ ಅಧ್ಯಯನ ವರದಿಯನ್ನೂ ಮಗುವಿನ ವರದಿಯನ್ನೂ ಇರಿಸುತ್ತದೆ. ಕುಟುಂಬದ ಸಾಮರ್ಥ್ಯ, ಉದ್ದೇಶ ಹಾಗೂ ಮಕ್ಕಳನ್ನು ನೋಡಿಕೊಂಡ ಹಿಂದಿನ ಅನುಭವ ಇಲ್ಲಿ ಗಣನೆಗೆ ಬರುತ್ತವೆ. ಒಡಹುಟ್ಟಿದವರನ್ನು ಸಾಧ್ಯವಾದಷ್ಟು ಒಂದೇ ಮನೆಯಲ್ಲಿ ಇರಿಸಬೇಕೆಂದು ಕಾಯ್ದೆ ಸೂಚಿಸುತ್ತದೆ. ಮಗುವಿನ ಶಿಕ್ಷಣ, ಆರೋಗ್ಯ ಮತ್ತು ಪೌಷ್ಟಿಕ ಆಹಾರದ ಹೊಣೆ ಪೋಷಕ ಕುಟುಂಬದ್ದು. ಸಮಿತಿಯು ಪ್ರತಿ ತಿಂಗಳು ಪರಿಶೀಲನೆ ನಡೆಸಬೇಕು; ಆರೈಕೆಯಲ್ಲಿ ಕೊರತೆ ಕಂಡುಬಂದರೆ ಮಗುವನ್ನು ಬೇರೊಂದು ಕುಟುಂಬಕ್ಕೆ ವರ್ಗಾಯಿಸಬಹುದು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಮಗುವೊಂದಕ್ಕೆ ತಿಂಗಳಿಗೆ 4,000 ರೂಪಾಯಿ ನೆರವು ನಿಗದಿಯಾಗಿದೆ.

ಹೆತ್ತವರು ಅಸಮರ್ಥರೆಂಬ ಕಾರಣಕ್ಕೆ ಮಗು ಪೋಷಕತ್ವದಲ್ಲಿದ್ದರೆ, ಅವರು ನಿಯತವಾಗಿ ಬಂದು ಮಗುವನ್ನು ಕಾಣಬಹುದು. ಅದು ಮಗುವಿನ ಹಿತಕ್ಕೆ ವಿರುದ್ಧವೆಂದು ಸಮಿತಿ ಭಾವಿಸಿದಾಗ ಮಾತ್ರ ಭೇಟಿಗೆ ತಡೆಯುಂಟು. ಅವರು ಮತ್ತೆ ಸಮರ್ಥರೆಂದು ಸಮಿತಿ ತೀರ್ಮಾನಿಸಿದರೆ ಮಗು ಅವರ ಮನೆಗೆ ಮರಳಬಹುದು. ದತ್ತು ಪಡೆಯುವ ಆಸೆಯಿಂದಲೇ ಪೋಷಕತ್ವಕ್ಕೆ ಮುಂದಾಗುವವರು ಮೊದಲು ಅರಿಯಬೇಕಾದ ಅಂಶ ಇದೇ.

2016ರ ಮಾರ್ಗಸೂಚಿಗಳ ಪ್ರಕಾರ ದಂಪತಿಗಳಷ್ಟೇ ಪೋಷಕರಾಗಬಹುದಾಗಿತ್ತು. 2024ರ ಪರಿಷ್ಕರಣೆಯ ನಂತರ ಅವಿವಾಹಿತರು, ವಿಧವೆಯರು, ವಿಧುರರು, ವಿಚ್ಛೇದಿತರು ಸೇರಿದಂತೆ 35ರಿಂದ 60 ವರ್ಷದೊಳಗಿನ ಒಂಟಿ ವ್ಯಕ್ತಿಗಳಿಗೂ ಅವಕಾಶ ದೊರೆತಿದೆ. ಒಂಟಿ ಮಹಿಳೆ ಗಂಡು ಅಥವಾ ಹೆಣ್ಣು ಮಗುವನ್ನು ಪೋಷಿಸಬಹುದು. ಒಂಟಿ ಪುರುಷನಿಗೆ ಗಂಡು ಮಗುವನ್ನು ಮಾತ್ರ ಒಪ್ಪಿಸಲಾಗುತ್ತದೆ. ದಂಪತಿಗಳಾದರೆ ಕನಿಷ್ಠ ಎರಡು ವರ್ಷಗಳ ಸ್ಥಿರ ದಾಂಪತ್ಯ ಇರಬೇಕು. ಆರು ವರ್ಷ ದಾಟಿದ ಮಕ್ಕಳೇ ಮುಖ್ಯವಾಗಿ ಈ ವ್ಯವಸ್ಥೆಗೆ ಬರುತ್ತಾರೆ. ಶಿಶುವನ್ನೇ ಬಯಸುವ ದಂಪತಿಗಳು ಹೆಚ್ಚಾಗಿರುವುದರಿಂದ, ದೊಡ್ಡ ಮಕ್ಕಳು ಸಂಸ್ಥೆಗಳಲ್ಲೇ ಉಳಿದುಬಿಡುವುದು ಇದಕ್ಕೆ ಹಿನ್ನೆಲೆ.

ದತ್ತು ಸ್ವೀಕಾರದ ಹಂತ

ಕಾಯ್ದೆಯಲ್ಲಿ ಮೇಲ್ನೋಟಕ್ಕೆ ವಿಚಿತ್ರವೆನಿಸುವ ಒಂದು ನಿರ್ಬಂಧವಿದೆ: ದತ್ತುಯೋಗ್ಯವೆಂದು ಸಮಿತಿ ಪರಿಗಣಿಸಿದ ಮಗುವನ್ನು ದೀರ್ಘಾವಧಿಯ ಪೋಷಕತ್ವಕ್ಕೆ ಕೊಡುವಂತಿಲ್ಲ. ಶಾಶ್ವತ ಮನೆ ಸಿಗಬಹುದಾದ ಮಗು ತಾತ್ಕಾಲಿಕ ಮನೆಯಲ್ಲೇ ಉಳಿಯಬಾರದೆಂಬುದು ಇದರ ಆಶಯ. ಹೀಗಾಗಿ ಪೋಷಕತ್ವದಿಂದ ದತ್ತುವಿಗೆ ಸಾಗುವ ಪ್ರಸಂಗ ಸಾಮಾನ್ಯವಾಗಿ ಎದುರಾಗುವುದು, ಆರಂಭದಲ್ಲಿ ದತ್ತುಯೋಗ್ಯವಲ್ಲದಿದ್ದ ಮಗುವಿನ ಸ್ಥಿತಿ ನಂತರ ಬದಲಾದಾಗ.

ಆ ಬದಲಾವಣೆಗೂ ಕ್ರಮವಿದೆ. ಅನಾಥ ಅಥವಾ ಪರಿತ್ಯಕ್ತ ಮಗುವಿನ ಹೆತ್ತವರನ್ನು ಪತ್ತೆಹಚ್ಚುವ ಪ್ರಯತ್ನ ನಡೆದ ಮೇಲೆ, ಎರಡು ವರ್ಷದವರೆಗಿನ ಮಗುವಾದರೆ ಎರಡು ತಿಂಗಳಲ್ಲಿ, ಅದಕ್ಕಿಂತ ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಸಮಿತಿ ಘೋಷಣೆ ಮಾಡಬೇಕು. ಹೆತ್ತವರೇ ಮಗುವನ್ನು ಸಮಿತಿಗೆ ಒಪ್ಪಿಸಿದ್ದರೆ ಮನಸ್ಸು ಬದಲಿಸಿಕೊಳ್ಳಲು ಅವರಿಗೆ ಎರಡು ತಿಂಗಳ ಕಾಲಾವಕಾಶವುಂಟು.

ಹೀಗೆ ಮುಕ್ತವಾದ ಮಗುವನ್ನು ಪೋಷಕ ಕುಟುಂಬ ದತ್ತು ಪಡೆಯಲು ಹಿಂದೆ ಐದು ವರ್ಷಗಳ ಪೋಷಣೆ ಆಗಿರಬೇಕಿತ್ತು. 2024ರ ಮಾರ್ಗಸೂಚಿಗಳು ಇದನ್ನು ಎರಡು ವರ್ಷಕ್ಕೆ ಇಳಿಸಿವೆ. ಏಳನೆಯ ವಯಸ್ಸಿಗೆ ಮನೆಗೆ ಬಂದ ಮಗು ಹಿಂದಿನ ನಿಯಮದಡಿ ಹನ್ನೆರಡಾಗುವವರೆಗೆ ಕಾಯಬೇಕಾಗಿತ್ತು; ಬಾಲ್ಯದ ಬಹುಭಾಗ 'ಇಲ್ಲಿ ಇರುತ್ತೇನೋ ಇಲ್ಲವೋ' ಎಂಬ ಅನಿಶ್ಚಯದಲ್ಲೇ ಕಳೆಯುತ್ತಿತ್ತು.

ನೋಂದಣಿ ನಡೆಯುವುದು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ (ಕಾರಾ) ಕೇರಿಂಗ್ಸ್ ಜಾಲತಾಣದಲ್ಲಿ. ಐದು ವರ್ಷ ದಾಟಿದ ಮಗುವಿನ ಸಮ್ಮತಿ ಬೇಕು. ಅಂತಿಮ ಆದೇಶವನ್ನು ಮೊದಲು ನ್ಯಾಯಾಲಯ ನೀಡುತ್ತಿತ್ತು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಂದಿನಿಂದ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿಯದು, ಎಂದರೆ ಕರ್ನಾಟಕದಲ್ಲಿ ಜಿಲ್ಲಾಧಿಕಾರಿಯದು. ದತ್ತು ಮಗುವಿನ ಹಿತಕ್ಕಾಗಿಯೇ ಇದೆ, ಅದಕ್ಕಾಗಿ ಯಾರೂ ಹಣ ಪಡೆದಿಲ್ಲ ಅಥವಾ ಕೊಟ್ಟಿಲ್ಲ ಎಂಬುದನ್ನು ಅವರು ಖಚಿತಪಡಿಸಿಕೊಳ್ಳಬೇಕು. ಪ್ರಕರಣದ ವಿಚಾರಣೆ ಗೋಪ್ಯವಾಗಿ ನಡೆಯುತ್ತದೆ. ಆದೇಶದ ನಂತರವೂ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಅನುಸರಣಾ ವರದಿ ಸಲ್ಲಿಕೆಯಾಗುತ್ತದೆ.

ತೊಡಕುಗಳು

ಈ ವ್ಯವಸ್ಥೆಯ ಒಳಗೇ ಒಂದು ಬಿಕ್ಕಟ್ಟು ಹುದುಗಿದೆ. ಮಗುವನ್ನು ತಮ್ಮದೆಂದೇ ಪ್ರೀತಿಸಿ ಎಂದು ಪೋಷಕರಿಗೆ ಹೇಳುವ ವ್ಯವಸ್ಥೆಯೇ, ಅಗತ್ಯ ಬಿದ್ದಾಗ ಬಿಟ್ಟುಕೊಡಿ ಎಂದೂ ಹೇಳುತ್ತದೆ. ಇನ್ನೊಂದು ಬದಿಯಲ್ಲಿ, ಬಡತನ ಅಥವಾ ಕಾಯಿಲೆಯಿಂದ ಮಗುವನ್ನು ದೂರವಿರಿಸಿದ ತಾಯಿಗೆ, ಪೋಷಕರ ದತ್ತು ಅರ್ಜಿ ಮಗು ಕೈತಪ್ಪುವ ಭಯವನ್ನು ತರಬಲ್ಲದು. ಅಮೆರಿಕವು 1997ರ ಕಾಯ್ದೆಯಲ್ಲಿ ಇದಕ್ಕೆ ಗಡುವಿನ ಪರಿಹಾರ ಹುಡುಕಿತು: ಕಳೆದ 22 ತಿಂಗಳುಗಳಲ್ಲಿ 15 ತಿಂಗಳು ಮಗು ಪೋಷಕತ್ವದಲ್ಲಿದ್ದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಹೆತ್ತವರ ಹಕ್ಕನ್ನು ರದ್ದುಪಡಿಸಲು ರಾಜ್ಯವು ಅರ್ಜಿ ಸಲ್ಲಿಸಬೇಕು. ಬಡ ಕುಟುಂಬಗಳಿಗೆ ಇದು ಕಠಿಣವೆಂಬ ಟೀಕೆ ಅಲ್ಲಿ ಇದೆ. ಭಾರತದ ಕಾಯ್ದೆಯಲ್ಲಿ ಅಂಥ ಗಡುವಿಲ್ಲ. ತೀರ್ಮಾನ ಸಮಿತಿಯ ವಿವೇಚನೆಗೆ ಬಿಟ್ಟದ್ದು.

ದೊಡ್ಡ ಮಕ್ಕಳು ಹಳೆಯ ಮನೆಯ ನೆನಪು, ಭಾಷೆ, ಊಟದ ರೂಢಿಗಳನ್ನು ಹೊತ್ತು ಬರುತ್ತಾರೆ. ಹೆತ್ತವರ ಗುರುತು ಅವರಿಗೆ ಗೊತ್ತಿರುವುದೂ ಉಂಟು. ಗುರುತು ತಿಳಿಯದ ದತ್ತು ಮಕ್ಕಳು 18 ವರ್ಷ ತುಂಬಿದ ಬಳಿಕ ತಮ್ಮ ಮೂಲದ ಬಗೆಗೆ ಸ್ವತಃ ಮಾಹಿತಿ ಕೋರಬಹುದು. ಆದರೆ ಹೆತ್ತವರ ಖಾಸಗಿತನದ ಹಕ್ಕಿಗೆ ಅದರಿಂದ ಧಕ್ಕೆಯಾಗಬಾರದೆಂಬ ಷರತ್ತಿದೆ.